ಬೋಳವೆಂಬ ಹೆಸರು: ಲೋಳೆಸರದ ಮದ್ದಿನ ಚರಿತ್ರೆಯನ್ನು ಕುರಿತ ಬರವಣಿಗೆಗಳ ವಿಮರ್ಶೆ

ಲೋಳೆಸರವನ್ನು ಕುರಿತು ಕನ್ನಡದಲ್ಲಿ ಈಚೆಗೆ ಬಂದಿರುವ ಬರವಣಿಗೆ ಹೇರಳವಾಗಿದೆ. ಮನೆಮದ್ದಿನ ಕೈಪಿಡಿಗಳು, ಪತ್ರಿಕೆಗಳ ಆರೋಗ್ಯದ ಪುಟಗಳು, ಒಕ್ಕಲುತನದವರಿಗಾಗಿ ಅಚ್ಚಾದ ಚಿಕ್ಕ ಹೊತ್ತಗೆಗಳು, ಇವುಗಳಲ್ಲಿ ಈ ಗಿಡದ ಪ್ರಶಂಸೆಯಿಲ್ಲದುದನ್ನು ಹುಡುಕಿ ತೆಗೆಯುವುದೇ ಕಷ್ಟ. ಇವೆಲ್ಲ ಸಾಮಾನ್ಯವಾಗಿ ಮೂರು ಮಾತುಗಳನ್ನು ಪ್ರತಿಪಾದಿಸುತ್ತವೆ: ಲೋಳೆಸರವು ಅನಾದಿಯಿಂದ ನಮ್ಮದೇ ನೆಲದ ಗಿಡ, ಪ್ರಾಚೀನರೆಲ್ಲರೂ ಅದರ ಗುಣವನ್ನು ಒಕ್ಕೊರಲಿನಿಂದ ಹೊಗಳಿದ್ದಾರೆ, ಮತ್ತು ಅದರಿಂದ ಯಾರಿಗೂ ಎಂದೂ ಕೇಡಿಲ್ಲ. ಪ್ರಸ್ತುತ ಲೇಖಕನು ವೈದ್ಯನಲ್ಲ; ಇತಿಹಾಸದ ಅಧ್ಯಾಪಕನು. ಆದರೆ ಈ ಮೂರು ಮಾತುಗಳಲ್ಲಿ ಮೊದಲಿನವೆರಡೂ ಇತಿಹಾಸಕ್ಕೆ ಸೇರಿದವು, ಮೂರನೆಯದು ಅವೆರಡರ ಆಧಾರದ ಮೇಲೆಯೇ ನಿಂತಿದೆ. ಆದಕಾರಣ ಇವನ್ನು ಪರೀಕ್ಷಿಸುವ ಅಧಿಕಾರ ಇತಿಹಾಸದ ವಿದ್ಯಾರ್ಥಿಗೆ ಇದೆಯೆಂದು ಭಾವಿಸಿದ್ದೇನೆ.

ಎಲ್ಲ ದೋಷಗಳಿಗೂ ಮೂಲವಾದುದನ್ನು ಮೊದಲೇ ಹೇಳಿಬಿಡುವುದು ಲೇಸು. ಲೋಳೆಸರದ ಎಲೆಯಿಂದ ದೊರೆಯುವ ಮದ್ದು ಒಂದಲ್ಲ, ಎರಡು. ಎಲೆಯನ್ನು ಅಡ್ಡಲಾಗಿ ಕೊಯ್ದು ತುಸು ಹೊತ್ತು ಓರೆಯಾಗಿ ಹಿಡಿದರೆ ಸಿಪ್ಪೆಯ ಒಳಮೈಯಿಂದ ಹಳದಿ ಬಣ್ಣದ ಕಹಿ ರಸ ಒಸರುತ್ತದೆ. ಇದನ್ನು ಬತ್ತಿಸಿ ಗಟ್ಟಿಮಾಡಿದರೆ ಕಪ್ಪಾಗಿ, ಗಾಜಿನಂತೆ ಒಡೆಯುವ ಹೆಂಟೆಯಾಗುತ್ತದೆ. ಅದೇ ಕರಿಬೋಳ, ಮುಸಬ್ಬರ. ಆ ರಸದ ಒಳಗಡೆ ಇರುವ ತಿಳಿಯಾದ ತಿರುಳೇ ಬೇರೆ. ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಮಿಕ್ಕಿ ನೀರು. ಉಳಿದುದರಲ್ಲಿ ಮುಖ್ಯವಾದುದು ಲೋಳೆಯ ಗುಣವನ್ನು ಕೊಡುವ ಶರ್ಕರದ ಜಾತಿಯ ಪದಾರ್ಥ. ಕಹಿರಸದ ಸಾರವಾದ ಅಲೋಯಿನ್ ಎಂಬ ದ್ರವ್ಯವನ್ನು ಎಡಿನ್‌ಬರೋದ ಸ್ಮಿತ್ ಸೋದರರು 1851ರಲ್ಲಿ ಬೇರ್ಪಡಿಸಿದರು. ಅದು ದೊಡ್ಡ ಕರುಳನ್ನು ಮುಟ್ಟುವವರೆಗೆ ಸುಮ್ಮನಿದ್ದು, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು ಭೇದಿಯನ್ನುಂಟುಮಾಡುತ್ತದೆ. ರಾತ್ರಿ ತೆಗೆದುಕೊಂಡವನಿಗೆ ಬೆಳಗಿನಲ್ಲಿ ಫಲ ಕಾಣುವುದು ಈ ಕಾರಣದಿಂದ. ತಿರುಳಿಗೆ ಈ ಗುಣವಿಲ್ಲ. ಒಂದೇ ಎಲೆಯಲ್ಲಿ ಅಂಗುಲದ ಅಂತರದೊಳಗೆ ಎರಡು ಭಿನ್ನ ಸ್ವಭಾವದ ಮದ್ದುಗಳಿವೆ.

ಪ್ರಾಚೀನರು ಹೊಗಳಿದುದು ಬಹುಮಟ್ಟಿಗೆ ಇವುಗಳಲ್ಲಿ ಮೊದಲನೆಯದನ್ನು. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ವರ್ಣಿಸುವುದು ಬತ್ತಿಸಿದ ಕಹಿರಸವನ್ನು. ಅರಬ್ಬರು ಸಕೋತ್ರಾ ದ್ವೀಪದಿಂದ ತಂದು ಮಾರಿದುದೂ ಅದನ್ನೇ. ಹತ್ತೊಂಬತ್ತನೆಯ ಶತಮಾನದಲ್ಲಿ ತೊಗಲಚೀಲಗಳಲ್ಲಿ ಮುಂಬಯಿಗೆ ಬಂದಿಳಿದು ಮುಂದೆ ಯುರೋಪಿಗೆ ಹೋಗುತ್ತಿದ್ದುದೂ ಅದೇ. ಪಾಶ್ಚಾತ್ಯ ವೈದ್ಯರು ತಿರುಳಿನ ಕಡೆಗೆ ಗಮನವಿತ್ತುದು ತೀರ ಈಚಿನ ಸಂಗತಿ. ಕ್ಷಕಿರಣಗಳಿಂದ ಬೆಂದ ಚರ್ಮಕ್ಕೆ ಹಸಿ ಎಲೆಯ ಲೇಪ ಗುಣಕಾರಿಯಾಯಿತೆಂದು ಅಮೇರಿಕೆಯ ವೈದ್ಯರು 1935ರಲ್ಲಿ ವರದಿ ಮಾಡಿದ ಮೇಲೆಯೇ ಅಲ್ಲಿ ಆ ವಿಚಾರ ಬೆಳೆಯಿತು. ಹೀಗಿರುವಾಗ, ಇಂದು ಸೀಸೆಯಲ್ಲಿ ಮಾರುವ ತಿರುಳಿನ ಪಾನಕಕ್ಕೆ ಎರಡು ಸಾವಿರ ವರ್ಷದ ಹಿಂದಿನ ಭೇದಿಮದ್ದಿನ ಪ್ರಶಂಸಾಪತ್ರವನ್ನು ಅಂಟಿಸುವುದು ನ್ಯಾಯವೆ? ನಮ್ಮ ಲೇಖಕರು ದಿನವೂ ಮಾಡುತ್ತಿರುವುದು ಇದನ್ನೇ.

ನಮ್ಮ ಆಯುರ್ವೇದದ ಪರಂಪರೆ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿತ್ತು. ಶಾರ್ಙ್ಗಧರ ಸಂಹಿತೆಯ ಕುಮಾರ್ಯಾಸವಕ್ಕೆ ಬೇಕಾದುದು ಎಲೆಯ ಹಸಿರಸ. ರಸಶಾಸ್ತ್ರದಲ್ಲಿ ಪಾದರಸ ಗಂಧಕಗಳ ಕಜ್ಜಲಿಯನ್ನು ಅರೆಯುವುದಕ್ಕೆ ಬಳಸುವುದೂ ಹಸಿರಸವೇ. ಮುಟ್ಟು ನಿಂತವರಿಗೆ ಕೊಡುವ ರಜಃಪ್ರವರ್ತಿನೀ ವಟಿಗೆ ಬೇಕಾದುದಾದರೋ ಒಣಗಿದ ಕನ್ಯಾಸಾರ. ಹೆಸರೇ ಬೇರೆ, ಪ್ರಯೋಗವೇ ಬೇರೆ. ಈ ವಿವೇಕವನ್ನು ಉಳಿಸಿಕೊಳ್ಳುವ ಬದಲು ನಮ್ಮ ಕೈಪಿಡಿಗಳು ಎಲ್ಲವನ್ನೂ ‘ಲೋಳೆಸರದ ಸಾರ’ ಎಂಬ ಒಂದೇ ಬುಟ್ಟಿಗೆ ಹಾಕಿವೆ.

ಇನ್ನು ಪ್ರಾಚೀನತೆಯ ವಿಚಾರ. ಚರಕನೂ ಸುಶ್ರುತನೂ ಲೋಳೆಸರವನ್ನು ಕೊಂಡಾಡಿದ್ದಾರೆಂದು ಬರೆಯುವವರು ಅಧ್ಯಾಯವನ್ನು ಸೂಚಿಸುವ ಗೋಜಿಗೆ ಹೋಗುವುದಿಲ್ಲ. ಇಂದಿನ ಲೋಳೆಸರವೇ ಎಂದು ನಿಸ್ಸಂದೇಹವಾಗಿ ಹೇಳಬಹುದಾದ ಕುಮಾರಿಯು ನಮಗೆ ಸ್ಪಷ್ಟವಾಗಿ ದೊರೆಯುವುದು ಶಾರ್ಙ್ಗಧರ, ಭಾವಮಿಶ್ರ ಮೊದಲಾದ ಮಧ್ಯಯುಗದವರಲ್ಲಿ. ಸಸ್ಯಶಾಸ್ತ್ರಜ್ಞರು ಈ ಗಿಡದ ತವರನ್ನು ಅರೇಬಿಯದಲ್ಲಿ ಗುರುತಿಸುತ್ತಾರೆ. ಡಯಾಸ್ಕೊರಿಡೀಸನು ಇದು ಭಾರತದಲ್ಲಿ ಹೇರಳವೆಂದಿದ್ದಾನಲ್ಲ ಎಂದು ಕೆಲವರು ಕೇಳಬಹುದು. ಗ್ರೀಕ್ ರೋಮನ್ ಲೇಖಕರಿಗೆ ಕೆಂಪು ಸಮುದ್ರದ ದಾರಿಯಿಂದ ಬಂದ ಸರಕಿಗೆಲ್ಲ ‘ಭಾರತದ್ದು’ ಎನ್ನುವ ವಾಡಿಕೆಯಿತ್ತೆಂಬುದನ್ನು ಮರೆಯಬಾರದು. ಗಿಡದ ಶಾಸ್ತ್ರೀಯ ನಾಮವನ್ನು ಬರ್ಮನ್ ಎಂಬ ಡಚ್ ವಿದ್ವಾಂಸನು 1768ರ ತನ್ನ ‘ಫ್ಲೋರಾ ಇಂಡಿಕಾ’ದಲ್ಲಿ ಸ್ಥಿರಪಡಿಸಿದನೆಂಬುದನ್ನೂ ಪುರಾವೆಯೆಂದು ಮುಂದೊಡ್ಡಿದವರುಂಟು. ಅದೇ ವರ್ಷ, ಕೇವಲ ಹತ್ತು ದಿವಸಗಳ ತರುವಾಯ, ಮಿಲ್ಲರನು ಇದೇ ಗಿಡಕ್ಕೆ ಬಾರ್ಬಡೋಸ್ ದ್ವೀಪದ ಹೆಸರನ್ನಿಟ್ಟನು! ಹೆಸರಿನಿಂದ ತವರನ್ನು ನಿರ್ಣಯಿಸುವುದಾದರೆ ಹತ್ತು ದಿನದಲ್ಲಿ ಗಿಡವು ಸಮುದ್ರಗಳನ್ನೇ ದಾಟಿತೆನ್ನಬೇಕಾದೀತು.

ಹೆಸರುಗಳು ಸುಳ್ಳು ಹೇಳುತ್ತವೆಂದಲ್ಲ. ಅವನ್ನು ಕೇಳುವ ಬಗೆ ತಿಳಿದಿರಬೇಕು. ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೂ ಚಿಕಿತ್ಸೆ ಮಾಡಿದವನು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಸಂವಾದಗಳಲ್ಲಿ ಎರಡನೆಯದೇ ಈ ಮದ್ದನ್ನು ಕುರಿತುದು. ಅರಬ್ಬರ, ಗುಜರಾತಿಗಳ, ದಖ್ಖನಿಗಳ ಹೆಸರುಗಳ ಜೊತೆಗೆ ‘ಕನಾರಿ’ಗಳು ಇದನ್ನು ಕಾತೆಕೊಮೆರ್ ಎನ್ನುತ್ತಾರೆಂದು ಅವನು ದಾಖಲಿಸಿದ್ದಾನೆ. ಈ ಮಾತನ್ನು ಹಿಡಿದು ‘ಹದಿನಾರನೆಯ ಶತಮಾನದ ಕನ್ನಡ ಶಬ್ದ’ ಎಂದು ಬರೆದರೆ ಅದು ದುಡುಕು. ಗೋವೆಯ ಪೋರ್ತುಗೀಜರು ಕನಾರಿಗಳೆಂದು ಕರೆದುದು ಆ ತೀರದ ಕೊಂಕಣಿಗರನ್ನು. ಶಬ್ದದ ಕೊನೆಯಲ್ಲಿ ಕೇಳಿಬರುವುದು ಕುಮಾರಿಯ ಕೊಂಕಣಿ ರೂಪವೇ ಹೊರತು ನಮ್ಮ ಲೋಳೆಸರವಲ್ಲ. ಅವನು ದಖ್ಖನಿಗಳದೆಂದು ಕೊಟ್ಟ ‘ಅರೆಆ’ ಎಂಬುದು ಮರಾಠಿಯ ಏಳಿಯಾ, ಹಿಂದೂಸ್ತಾನಿಯ ಏಲುವಾ ಎಂಬ ಶಬ್ದಗಳ ಬಂಧುವಿರಬೇಕು. ಮುಸಬ್ಬರವಂತೂ ಅರಬ್ಬಿಯ ಸಬ್ರ್ ಎಂಬ ಧಾತುವಿಗೆ ಸೇರಿದ್ದು. ಇಲ್ಲೊಂದು ಗಮನಾರ್ಹ ಸಂಗತಿಯಿದೆ: ಗಿಡದ ಹೆಸರು ಅಚ್ಚಗನ್ನಡ, ಒಣಮದ್ದಿನ ಹೆಸರು ಹಡಗಿನಲ್ಲಿ ಬಂದುದು. ಹಿತ್ತಲಿನಲ್ಲಿ ಗಿಡವಿದ್ದರೂ ಜನರು ಕರಿಬೋಳವನ್ನು ಪೇಟೆಯಿಂದ ಕೊಳ್ಳುತ್ತಿದ್ದರೆಂದು ಇದರಿಂದ ಊಹಿಸಬಹುದು. ಎರಡನೆಯ ಇಬ್ರಾಹಿಮ್ ಆದಿಲ್‌ಶಾಹನ ವಿಜಾಪುರದಲ್ಲಿ ಚರಿತ್ರಕಾರ ಫಿರಿಸ್ತನು ಮುಸಲ್ಮಾನ ವೈದ್ಯರಿಗಾಗಿ ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ವನ್ನು ಬರೆದುದೂ ಇಂತಹ ಎರಡು ಹೆಸರಿನ ಪೇಟೆಯ ನೆರಳಿನಲ್ಲಿಯೇ.

ಈಗ ‘ಬೋಳ’ಕ್ಕೆ ಬರೋಣ. ಈ ಲೇಖನ ಹುಟ್ಟಿದುದು ಆ ಎರಡಕ್ಷರದಿಂದ.

ಬೋಳವೆಂದರೆ ಮೂಲತಃ ಲೋಳೆಸರದ ರಸವಲ್ಲ. ಅದು ಅರೇಬಿಯ, ಸೋಮಾಲಿ ನಾಡುಗಳಲ್ಲಿ ಬೆಳೆಯುವ, ಗುಗ್ಗುಳದ ಕುಲಕ್ಕೆ ಸೇರಿದ ಒಂದು ಮುಳ್ಳುಗಿಡದ ಅಂಟು, ಕೆಂಪುಛಾಯೆಯದು, ಸುವಾಸನೆಯುಳ್ಳದ್ದು. ಕನ್ನಡ ಬೈಬಲಿನಲ್ಲಿ ಮೂಡಣದ ಜೋಯಿಸರು ಶಿಶುವಿಗೆ ತಂದ ಕಾಣಿಕೆಗಳಲ್ಲಿ ರಕ್ತಬೋಳವೂ ಸೇರಿರುವುದನ್ನು ಓದುಗರು ಬಲ್ಲರು. ಆ ಅನುವಾದಕರ ಕಾಲಕ್ಕೆ ಶಬ್ದದ ಅರ್ಥ ನಿಚ್ಚಳವಾಗಿದ್ದಿತು. ಕಪ್ಪಾದ ಮತ್ತೊಂದು ಕಹಿ ಹೆಂಟೆ ಅದೇ ಅಂಗಡಿಗೆ ಬಂದಾಗ ಅದನ್ನು ಜನ ಕರಿಬೋಳವೆಂದರು. ನೆರೆಯ ಮರಾಠಿಯಲ್ಲಿಯೂ ಒಂದು ಬಾಳಂತಬೋಳ, ಇನ್ನೊಂದು ಕಾಳಾಬೋಳ. ವಿಶೇಷಣವಿರುವತನಕ ತೊಡಕಿಲ್ಲ. ಅಚ್ಚಿನ ಪುಸ್ತಕಗಳಲ್ಲಿ ಬಿದ್ದುಹೋದುದು ಆ ವಿಶೇಷಣವೇ. ಒಂದು ಕೈಪಿಡಿಯ ಶಬ್ದಾರ್ಥದ ಪಟ್ಟಿಯಲ್ಲಿ ‘ಬೋಳ: ಲೋಳೆಸರದ ಒಣಗಿದ ರಸ’ ಎಂದಿದೆ, ಅದರ ಸ್ತ್ರೀರೋಗ ಪ್ರಕರಣದಲ್ಲಿ, ಬಾಣಂತಿಗೆ ದಿನವೂ ಬೆಲ್ಲದೊಡನೆ ಬೋಳ ಕೊಡಬೇಕೆಂದಿದೆ. ಮೊದಲನೆಯದು ಕರಿಬೋಳ, ಎರಡನೆಯದು ಕೆಂಪು ಬೋಳ. ಇಂತಹ ಪುಸ್ತಕಗಳು ಬಹುಮಟ್ಟಿಗೆ ಮರಾಠಿಯಿಂದ ಇಳಿಸಿಕೊಂಡವು. ಇಳಿಸುವಾಗ ‘ಬಾಳಂತ’ವೂ ‘ಕಾಳಾ’ವೂ ಭಾರವೆನಿಸಿ ಕಳಚಿಬಿದ್ದಿರಬೇಕೆಂಬುದು ನನ್ನ ಊಹೆ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಬಾಣಂತನಕ್ಕೆ ಚಡಚಣಕ್ಕೆ ಬಂದಿದ್ದಳು. ತಾಯಿಯವರು ನಾರುಬೇರಿನ ಅಂಗಡಿಯೊಂದರಿಂದ ಬೋಳವನ್ನು ತರಿಸಿ ದಿನಕ್ಕೊಮ್ಮೆ ಕೊಡುತ್ತಿದ್ದರು. ನಾಲ್ಕನೆಯ ದಿವಸಕ್ಕೆ ತಂಗಿಗೆ ಹೊಟ್ಟೆ ನುಲಿತ. ಕೂಸಿಗೆ ಎಡೆಬಿಡದ ಭೇದಿ. ವೈದ್ಯರು ಕೂಸನ್ನು ನೋಡುವ ಮೊದಲು ತಾಯಿಗೆ ಏನು ಕೊಡುತ್ತಿದ್ದೀರೆಂದು ಕೇಳಿದರು, ಅದನ್ನು ಒಡನೆ ನಿಲ್ಲಿಸಿದರು. ಕರಿಬೋಳದ ಭೇದಕಸತ್ತ್ವ ಮೊಲೆಹಾಲಿನೊಡನೆ ಕೂಸಿಗೆ ಇಳಿಯಬಲ್ಲುದು. ಬಸುರಿಯರಿಗೂ ಹಾಲೂಡಿಸುವವರಿಗೂ ಅದು ವರ್ಜ್ಯವೆಂದು ಆಧುನಿಕ ವೈದ್ಯಗ್ರಂಥಗಳು ಹೇಳುತ್ತವೆ. ಪೊಟ್ಟಣವನ್ನು ಹಿಡಿದುಕೊಂಡು ನಾನು ಅಂಗಡಿಗೆ ಹೋದೆ. ಅಂಗಡಿಯವರು ಸಜ್ಜನರು, ಏನನ್ನೂ ಬಚ್ಚಿಡಲಿಲ್ಲ. “ಕೆಂಪಂದು ತೀರಿತ್ರಿ ಸರ, ಕರೀದು ಕೊಟ್ಟೇನ್ರಿ. ಎರಡೂ ಬೋಳಽನ ಅಲ್ಲೇನ್ರಿ?” ಎಂದರು. ಮನೆಗೆ ಬಂದು ಹೇಳಿದಾಗ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮವ್ವ ಮೂಸಿ ನೋಡದ ತರತಿದ್ದಿಲ್ಲಪಾ. ನಾ ಪುಸ್ತಕದಾಗ ಬರದಾರ ಅಂತ ತರಿಸಿದೆ” ಎಂದರು.

ಎರಡೂ ಕಹಿ, ನಾಲಗೆಯಿಂದ ಭೇದ ತಿಳಿಯದು. ಮೂಗಿನಿಂದ ತಿಳಿಯುತ್ತದೆ. ನನ್ನ ಅಜ್ಜಿಗೆ ಓದು ಬಾರದು, ಆದರೆ ಈ ಪರೀಕ್ಷೆ ಗೊತ್ತಿತ್ತು. ಕೂಸಿಗೆ ಮೊಲೆ ಬಿಡಿಸುವಾಗ ಹಚ್ಚುವುದು, ಉಳುಕಿದ ಕಾಲಿಗೆ ಅರೆದು ಬಳಿಯುವುದು ಕರಿಯದು, ಬಾಣಂತಿಗೆ ಕೊಡುವುದು ಕೆಂಪಿನದು ಎಂದು ಗೊತ್ತಿತ್ತು. ಈ ತಿಳಿವಳಿಕೆಯನ್ನು ಬರೆದಿಟ್ಟವರು ವಿರಳ. ಇದೇ ಚಡಚಣದ ಸಿಂಪಿ ಲಿಂಗಣ್ಣನವರೂ ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಹೆಂಗಸರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದುದರಿಂದ ಒಂದು ದೊಡ್ಡ ಸಂಪತ್ತು ಉಳಿಯಿತು. ಹಾಡಿಗೆ ಸಂದ ಆ ಶ್ರದ್ಧೆ ಅದೇ ಹೆಂಗಸರ ಮದ್ದಿನ ಡಬ್ಬಿಗೆ ನಮ್ಮ ಕಾಲದಲ್ಲಿಯೂ ಸಲ್ಲಲಿಲ್ಲವೆನ್ನಬೇಕಾಗಿದೆ. ಮನೆಮದ್ದಿನ ಲೇಖಕರು ಅಜ್ಜಿಯ ಹೆಸರಿನಲ್ಲಿ ಬರೆಯುತ್ತಾರೆ, ಅಜ್ಜಿಯನ್ನು ಕೇಳಿ ಬರೆಯುವುದಿಲ್ಲ.

ಕೇಡಿಲ್ಲವೆಂಬ ಮೂರನೆಯ ಮಾತಿಗೆ ಹೆಚ್ಚು ಸ್ಥಳ ಬೇಡ. ಅಮೇರಿಕೆಯ ಔಷಧನಿಯಂತ್ರಣ ಇಲಾಖೆಯು 2002ರಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿಮದ್ದುಗಳಲ್ಲಿ ಕರಿಬೋಳವನ್ನು ಸೇರಿಸುವುದಕ್ಕೆ ತಡೆಹಾಕಿತು. ಸುರಕ್ಷಿತವೆಂಬುದಕ್ಕೆ ಸಾಕಷ್ಟು ಪ್ರಮಾಣ ಒದಗಿರಲಿಲ್ಲ. ಕಹಿರಸ ತೆಗೆಯದ ಇಡೀ ಎಲೆಯ ಸತ್ತ್ವವನ್ನು ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡುವೆಂದು 2013ರಲ್ಲಿ ಅಲ್ಲಿಯದೇ ಸರಕಾರಿ ಪರೀಕ್ಷಾಕಾರ್ಯಕ್ರಮ ಪ್ರಕಟಿಸಿತು. ಅಂತಹ ಸತ್ತ್ವವನ್ನು ಮನುಷ್ಯರಿಗೆ ಪ್ರಾಯಶಃ ಕ್ಯಾನ್ಸರ್‌ಕಾರಕವಾಗಬಹುದಾದ ವರ್ಗದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಇರಿಸಿದೆ. ಈ ಸುದ್ದಿ ಕನ್ನಡಕ್ಕೆ ಬಂದುದೂ ಮತ್ತೆ ಅದೇ ದೋಷದೊಡನೆ. ಲೋಳೆಸರವೆಂದರೆ ಕ್ಯಾನ್ಸರ್ ಎಂಬ ತಲೆಬರಹವನ್ನು ಓದಿ, ಸುಟ್ಟ ಬೆರಳಿಗೆ ತಿರುಳು ಹಚ್ಚಲೂ ಅಂಜುವವರನ್ನು ನಾನು ಕಂಡಿದ್ದೇನೆ. ಹೊಗಳುವವನೂ ಹೆದರಿಸುವವನೂ ಇಲ್ಲಿ ಒಂದೇ ತಪ್ಪನ್ನು ಮಾಡಿದ್ದಾರೆ. ಇಬ್ಬರಿಗೂ ರಸಕ್ಕೂ ತಿರುಳಿಗೂ ಭೇದವಿಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಕೆಲವು ಪುಸ್ತಕಗಳು ಲೋಳೆಸರಕ್ಕೆ ಕತ್ತಾಳೆಯನ್ನು ಪರ್ಯಾಯವಾಗಿ ಕೊಟ್ಟಿವೆ. ಇಂಡಿ, ಚಡಚಣಗಳ ಸೀಮೆಯಲ್ಲಿ ಹೊಲದ ಬದುವಿನ ಬೇಲಿಗೆ ನೆಡುವ ಕತ್ತಾಳೆಯು ಅಮೇರಿಕದ ಗಿಡ, ಪೋರ್ತುಗೀಜರ ಬರವಿಗಿಂತ ಮೊದಲು ಇಲ್ಲಿ ಇದ್ದಿರಲಾರದು. ಅದರ ರಸ ಸೋಕಿದರೆ ಮೈ ಉರಿದು ತುರಿಸುತ್ತದೆ. ನಾರು ತೆಗೆಯುವವರನ್ನು ಕೇಳಿದ್ದರೆ ಸಾಕಾಗಿತ್ತು.

ಚಾವುಂಡರಾಯನ ‘ಲೋಕೋಪಕಾರ’, ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಇಂತಹ ಗ್ರಂಥಗಳುಳ್ಳ ಭಾಷೆಗೆ ಮದ್ದಿನ ಹೆಸರುಗಳ ಒಂದು ಶುದ್ಧವಾದ ಕೋಶ ಅಸಾಧ್ಯವಲ್ಲ. ಅದರಲ್ಲಿ ಲೋಳೆಸರಕ್ಕೆ ಒಂದು ಉಲ್ಲೇಖ ಸಾಲದು. ಗಿಡಕ್ಕೆ ಒಂದು, ತಿರುಳಿಗೆ ಒಂದು, ಕರಿಬೋಳಕ್ಕೆ ಒಂದು ಬೇಕು. ‘ಬೋಳ’ ಎಂಬಲ್ಲಿ ಅರ್ಥ ಬರೆಯುವ ಮೊದಲು ಬಣ್ಣವನ್ನೂ ವಾಸನೆಯನ್ನೂ ಬರೆಯಬೇಕು. ಚಡಚಣದ ಆ ಅಂಗಡಿಯವರು ಈಗ ಎರಡು ಡಬ್ಬಿಗಳ ಮೇಲೂ ಚೀಟಿ ಅಂಟಿಸಿದ್ದಾರೆ. ಒಂದರ ಮೇಲೆ ‘ಕೆಂಪು, ಬಾಣಂತಿದು’ ಎಂದಿದೆ. ಇನ್ನೊಂದರ ಮೇಲೆ ‘ಕರಿ, ಹಚ್ಚೂದು’ ಎಂದಷ್ಟೇ ಇದೆ.