ಆ ಮನಿ ಯಾರ ಹೆಸರಿಗೈತಿ?

ಶರ್ಲಿ ಜಾಕ್ಸನ್ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಓದಿದವರಲ್ಲಿ ಎರಡು ಪಂಗಡ. ದೆವ್ವ ನಿಜ ಅನ್ನೋರು ಒಂದು ಕಡೆ, ಎಲ್ಲಾ ಎಲಿನಾರ್‌ಳ ಮನಸ್ಸಿನ ಆಟ ಅನ್ನೋರು ಇನ್ನೊಂದು ಕಡೆ. 2018ರ ನೆಟ್‌ಫ್ಲಿಕ್ಸ್ ಸರಣಿ ನೋಡಿ ಪುಸ್ತಕಕ್ಕೆ ಬಂದವರ ತಕರಾರೇ ಬೇರೆ: ದೆವ್ವ ಕಾಣಿಸೋದೇ ಇಲ್ಲವಲ್ಲ!

ಅಳವಂಡಿಯಲ್ಲಿರೋ ನಮ್ಮಕ್ಕನಿಗೆ ಕಥೆ ಹೇಳಿದೆ. ಆಕೆ ಕೇಳಿದ್ದು ಒಂದೇ: ‘ಮೊದ್ಲ ಹೇಳು, ಆ ಮನಿ ಯಾರ ಹೆಸರಿಗೈತಿ?’

ಈ ಕಾದಂಬರಿಗೆ ಕೇಳಬೇಕಾದ ಪ್ರಶ್ನೆ ಇದೇ ಅಂತೀನಿ. ಹಿಲ್ ಹೌಸ್ ಕಟ್ಟಿಸಿದವನ ಇಬ್ಬರು ಹೆಣ್ಣುಮಕ್ಕಳು ಆ ಮನೆಗಾಗಿ ಜಗಳಾಡಿದವರು, ಮನೆತನದ ತಟ್ಟೆಗಳಿಗೂ ಬಿಡಲಿಲ್ಲ. ಮುಂದೆ ಅಲ್ಲಿಗೆ ಬರುವ ಎಲಿನಾರ್ ಹನ್ನೊಂದು ವರ್ಷ ಕಾಯಿಲೆಯ ತಾಯಿಯನ್ನು ನೋಡಿಕೊಂಡವಳು. ಅರ್ಧ ದುಡ್ಡು ತಾನೇ ಹಾಕಿದ ಕಾರನ್ನೂ ಅವಳಕ್ಕ ಬಿಟ್ಟುಕೊಡಲ್ಲ, ಕದ್ದು ಒಯ್ಯಬೇಕಾಗುತ್ತೆ. ತನ್ನದು ಅನ್ನೋ ಮನೆಯೇ ಇಲ್ಲದವಳನ್ನು ಒಂದು ಮನೆ ‘ಇಲ್ಲೇ ಇರು’ ಅಂದರೆ ಅವಳು ಇನ್ನೇನು ಮಾಡಬೇಕು?

ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಜಾರಿಗೆ ಬಂದಿದ್ದು 1994ರಲ್ಲಿ, ಅದೂ ಆಗಲೇ ಮದುವೆಯಾದವರನ್ನು ಹೊರಗಿಟ್ಟು. ಆ ಅಡ್ಡಿ ಹೋಗಿದ್ದು 2005ರ ತಿದ್ದುಪಡಿಯಿಂದ. ಇವತ್ತಿಗೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ತವರಿನವರು ಕೊಟ್ಟ ಸೀರೆ ಹಿಡಿದು ಬಸ್ ಹತ್ತೋ ಅಕ್ಕ-ತಂಗಿಯರಿದ್ದಾರೆ. ಅವರಿಗೆ ಎಲಿನಾರ್ ಹುಚ್ಚಿಯಾಗಿ ಕಾಣಲ್ಲ.