ಬದಲಾಗಬೇಕಾದವರು ಯಾರು? ವಾಲಾ ವಾಲಾ ಪ್ರಯೋಗದ ಒಂದು ಮರುಪರಿಶೀಲನೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ವಾಲಾ ವಾಲಾ ಗೋಧಿಗೆ, ಸಿಹಿ ಈರುಳ್ಳಿಗೆ ಮತ್ತು ರಾಜ್ಯದ ಹಳೆಯದೊಂದು ಸೆರೆಮನೆಗೆ ಹೆಸರಾದ ಊರು. ಈಗ ಮಕ್ಕಳ ಮಾನಸಿಕ ಆಘಾತದ ಬಗ್ಗೆ ಮಾತಾಡುವವರ ಬಾಯಲ್ಲೂ ಅದರ ಹೆಸರಿದೆ. ಅಲ್ಲಿನ ಲಿಂಕನ್ ಹೈಸ್ಕೂಲ್ ಬೇರೆ ಶಾಲೆಗಳು ಕೈಚೆಲ್ಲಿದ ಹುಡುಗ ಹುಡುಗಿಯರು ಬಂದು ಸೇರುವ ಪುಟ್ಟ ಶಾಲೆ. 2009-10ರ ಸಾಲಿನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಸಸ್ಪೆಂಡ್ ಆಗಿ ಮನೆಯಲ್ಲಿ ಕೂತ ದಿನಗಳನ್ನೆಲ್ಲ ಕೂಡಿದರೆ 798 ಆಗುತ್ತಿತ್ತು. ಮರುವರ್ಷ ಅದು 135ಕ್ಕೆ ಇಳಿಯಿತು. ಶಾಲೆಯಿಂದಲೇ ತೆಗೆದುಹಾಕಿದ ಪ್ರಕರಣಗಳು 50ರಿಂದ 30ಕ್ಕೆ, ಶಿಕ್ಷಕರು ಬರೆದು ಕಳಿಸಿದ ದೂರುಗಳು 600ರಿಂದ 320ಕ್ಕೆ ಬಂದವು. ಜೇಮ್ಸ್ ರೆಡ್‌ಫರ್ಡ್ ಈ ಶಾಲೆಯ ಆರು ಮಕ್ಕಳ ಬೆನ್ನುಹತ್ತಿ 2015ರಲ್ಲಿ ‘ಪೇಪರ್ ಟೈಗರ್ಸ್’ ಎಂಬ ಸಾಕ್ಷ್ಯಚಿತ್ರ ತೆಗೆದ ಮೇಲಂತೂ, ನೊಂದ ಮಕ್ಕಳನ್ನು ಒಂದು ಊರು ಹೇಗೆ ಮೇಲೆತ್ತಬಹುದು ಎಂಬುದಕ್ಕೆ ಲಿಂಕನ್ ಶಾಲೆಯೇ ಮಾದರಿ ಎಂಬ ಮಾತು ಬೇರೂರಿತು. ಪ್ರಯೋಗ ಒಳ್ಳೆಯದೇ. ಆದರೆ ಜನ ಅದನ್ನು ಮೆಚ್ಚಿಕೊಂಡ ಕಾರಣ ಸರಿಯಾದದ್ದಲ್ಲ, ಮತ್ತು ಆ ತಪ್ಪು ಕಾರಣವೇ ಈಗ ಊರೂರಿಗೆ ಹಬ್ಬುತ್ತಿದೆ.

ಈ ಪ್ರಯೋಗದ ಬೇರು ಸ್ಯಾನ್ ಡಿಯಾಗೋದ ಒಂದು ಬೊಜ್ಜು ಕರಗಿಸುವ ಚಿಕಿತ್ಸಾಲಯದಲ್ಲಿದೆ. 1980ರ ದಶಕದಲ್ಲಿ ಕೈಸರ್ ಪರ್ಮನೆಂಟೆ ಸಂಸ್ಥೆಯ ವೈದ್ಯ ವಿನ್ಸೆಂಟ್ ಫೆಲಿಟ್ಟಿಗೆ ಒಂದು ವಿಚಿತ್ರ ಕಂಡಿತು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಕೂರಿಸಿ ಕೇಳಿದಾಗ ಹಲವರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ನಡೆದಿದ್ದು ಹೊರಬಂತು. ಮುಂದೆ ಫೆಲಿಟ್ಟಿ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಮೊದಲ ವರದಿ 1998ರಲ್ಲಿ ಬಂತು. ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ಅನಾದರ, ಕುಡುಕ ತಂದೆ, ಏಟು ತಿನ್ನುವ ತಾಯಿ, ಜೈಲಿಗೆ ಹೋದ ಮನೆಯವರು ಹೀಗೆ ಕೊನೆಗೆ ಹತ್ತು ಬಗೆಯ ಕಷ್ಟಗಳ ಪಟ್ಟಿಯಾಯಿತು. ಒಂದೊಂದು ‘ಹೌದು’ಗೆ ಒಂದೊಂದು ಅಂಕ. ಸುಮಾರು ಮೂರರಲ್ಲಿ ಎರಡು ಪಾಲು ಜನ ಒಂದಾದರೂ ‘ಹೌದು’ ಎಂದಿದ್ದರು. ಎಂಟರಲ್ಲೊಬ್ಬರು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು. ಅಂಕ ಏರಿದಂತೆ ಹೃದ್ರೋಗ, ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಎಲ್ಲವೂ ಏರುತ್ತಿದ್ದವು. ಉತ್ತರ ಕೊಟ್ಟವರಲ್ಲಿ ಬಹುಪಾಲು ಬಿಳಿಯರು, ಓದಿದವರು, ಆರೋಗ್ಯ ವಿಮೆ ಇದ್ದವರು. ಮನೆಯೊಳಗಿನ ಹಿಂಸೆ ಬಡವರ ಕೇರಿಯ ಸಂಗತಿ ಎಂದು ನಂಬಿದ್ದ ದೇಶಕ್ಕೆ ಈ ಅಂಕಿಅಂಶ ಕೊಟ್ಟ ಪೆಟ್ಟು ಸಣ್ಣದಲ್ಲ.

ಕೆಟ್ಟದ್ದು ಆಮೇಲೆ ಶುರುವಾಯಿತು. ಒಂದು ಜನಸಮೂಹದ ಸ್ಥಿತಿ ಅಳೆಯಲು ಮಾಡಿದ ಅಳತೆಗೋಲನ್ನು ಒಂದೊಂದೇ ಮಗುವಿನ ಮೇಲಿಟ್ಟು ನೋಡುವ ಚಾಳಿ ಬಂತು. ಹತ್ತು ಪ್ರಶ್ನೆಗಳು ಪತ್ರಿಕೆಗಳಲ್ಲಿ ‘ನಿಮ್ಮ ಅಂಕ ಎಷ್ಟು’ ಎಂಬ ಆಟವಾದವು. ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳನ್ನು ಜರಡಿ ಹಿಡಿಯುವ ಸಾಧನವಾದವು. ಒಂದೇ ಒಂದು ಬಾರಿ ನಡೆದ ಘಟನೆಗೂ ಹತ್ತು ವರ್ಷ ನಡೆದ ನರಕಕ್ಕೂ ಇಲ್ಲಿ ಸಿಗುವುದು ಒಂದೇ ಅಂಕ. ಯಾವ ವಯಸ್ಸಿನಲ್ಲಿ, ಯಾರಿಂದ, ಆಗ ಜೊತೆಗೆ ಯಾರಿದ್ದರು ಎಂಬುದಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಕೊನೆಗೆ 2020ರಲ್ಲಿ ಆಂಡಾ ಅವರೇ ಸಹಲೇಖಕರ ಜೊತೆ ಸೇರಿ, ಈ ಅಂಕ ಒಬ್ಬ ವ್ಯಕ್ತಿಯ ರೋಗನಿದಾನಕ್ಕೆ ಬಳಸುವಂಥದ್ದಲ್ಲ ಎಂದು ಬರೆಯಬೇಕಾಯಿತು. ಮರುವರ್ಷ ಬ್ರಿಟನ್ ಮತ್ತು ನ್ಯೂಜಿಲೆಂಡಿನ ದೀರ್ಘಕಾಲದ ಅಧ್ಯಯನಗಳನ್ನು ಆಧರಿಸಿ ಬಂದ ಇನ್ನೊಂದು ಪ್ರಬಂಧವೂ ಅದನ್ನೇ ತೋರಿಸಿತು: ಗುಂಪುಗುಂಪುಗಳ ನಡುವಿನ ವ್ಯತ್ಯಾಸವನ್ನು ಅಂಕ ಹೇಳುತ್ತದೆ, ಈ ಮಗು ಮುಂದೆ ಏನಾಗುತ್ತದೆ ಎಂಬುದನ್ನು ಹೇಳುವುದರಲ್ಲಿ ಸೋಲುತ್ತದೆ. ಜಾತಕ ಬರೆಸುವ ಅಭ್ಯಾಸವಿರುವ ನಮಗೆ ಇದರ ಅಪಾಯ ಬೇಗ ಅರ್ಥವಾದೀತು. ಏಳು ಅಂಕದ ಹುಡುಗ ಎಂದು ಒಮ್ಮೆ ಕಡತದಲ್ಲಿ ಬಿದ್ದರೆ, ಅವನು ತರಗತಿಯಲ್ಲಿ ಆಕಳಿಸಿದರೂ ಅದು ಲಕ್ಷಣವಾಗಿಯೇ ಕಾಣುತ್ತದೆ.

ಹಾಗಾದರೆ ಲಿಂಕನ್ ಶಾಲೆಯಲ್ಲಿ ನಡೆದದ್ದೇನು? ಪ್ರಿನ್ಸಿಪಾಲ್ ಜಿಮ್ ಸ್ಪೋರ್ಲೆಡರ್ ಅಲ್ಲಿಯವರೆಗೆ ಶಿಸ್ತಿನ ಮನುಷ್ಯ. ಶಿಕ್ಷಕರಿಗೆ ಕೆಟ್ಟ ಮಾತಾಡಿದರೆ ನೇರ ಸಸ್ಪೆಂಡ್, ಎರಡನೇ ಮಾತಿಲ್ಲ. 2010ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಅವರ ಸಂಶೋಧನೆ ಕಿವಿಗೆ ಬಿದ್ದ ಮೇಲೆ ಅವರು ಬದಲಿಸಿದ್ದು ಒಂದು ಸಣ್ಣ ಕ್ರಮವನ್ನು. ಸಿಡಿದೆದ್ದು ಬೈದ ಹುಡುಗನನ್ನು ಕರೆಸಿ ಕೂರಿಸುವುದು, ದನಿ ಏರಿಸದೆ ಏನಾಯಿತು ಎಂದು ಕೇಳುವುದು, ಅವನು ತಣ್ಣಗಾಗುವವರೆಗೆ ಕಾಯುವುದು. ಶಿಕ್ಷೆ ಇರುತ್ತಿತ್ತು, ಆದರೆ ಅದು ಶಾಲೆಯೊಳಗೇ. ಒಂದು ಕೋಣೆಯಲ್ಲಿ ಒಬ್ಬ ಶಿಕ್ಷಕರ ಜೊತೆ ಕೂತು ಬಾಕಿ ಉಳಿದ ಪಾಠ ಮುಗಿಸಬೇಕು. ಈಗ ಆ 798 ಮತ್ತು 135ನ್ನು ಇನ್ನೊಮ್ಮೆ ನೋಡಿ. ಮಕ್ಕಳು ಗುಣವಾದದ್ದಕ್ಕೆ ಅದು ಸಾಕ್ಷಿ ಎಂದು ಎಲ್ಲರೂ ಓದಿದರು. ಆದರೆ ಸಸ್ಪೆಂಡ್ ಮಾಡುವುದು ಮಗುವಿನ ನಡತೆಯಲ್ಲ, ದೊಡ್ಡವರ ನಿರ್ಧಾರ. ಆದೇಶಕ್ಕೆ ಸಹಿ ಹಾಕುವ ಕೈ ಪ್ರಿನ್ಸಿಪಾಲರದು. ಆ ಕೈ ತಡೆದು ನಿಂತರೆ, ಒಬ್ಬ ಹುಡುಗನ ಮನಸ್ಸಿನ ಒಂದು ಗಾಯವೂ ಮಾಯದೆ ಸಂಖ್ಯೆ ಇಳಿಯುತ್ತದೆ. ಟೀಕಾಕಾರರು ಇದನ್ನೇ ಹಿಡಿದು ಅಂಕಿಅಂಶ ಪೊಳ್ಳು ಎಂದರೆ ತಪ್ಪಲ್ಲ. ಆದರೂ ಪ್ರಯೋಗದ ನಿಜವಾದ ಸಾಧನೆ ಅಲ್ಲೇ ಇದೆ. ಒಂದು ವರ್ಷದೊಳಗೆ ಒಂದು ಸಂಸ್ಥೆಯ ದೊಡ್ಡವರು ತಮ್ಮ ರೂಢಿ ಬಿಟ್ಟರು. ಆರುನೂರಕ್ಕೂ ಹೆಚ್ಚು ದಿನ, ಮನೆಯಲ್ಲೋ ಬೀದಿಯಲ್ಲೋ ಇರುತ್ತಿದ್ದ ಮಕ್ಕಳು ಶಾಲೆಯಲ್ಲಿದ್ದರು. ದೂರುಗಳು ಅರ್ಧದಷ್ಟಕ್ಕೆ ಇಳಿದದ್ದು ಸ್ವಲ್ಪ ಬೇರೆ ಮಾತು. ಅದರಲ್ಲಿ ಮಕ್ಕಳ ಪಾಲೂ ಇರಬಹುದು, ಆದರೆ ದೂರು ಬರೆಯುವವರೂ ಶಿಕ್ಷಕರೇ. ರೆಡ್‌ಫರ್ಡರ ಚಿತ್ರ ಇಲ್ಲಿ ಎಡವುತ್ತದೆ. ಅದರ ಕ್ಯಾಮೆರಾ ಮಕ್ಕಳ ಕಣ್ಣೀರಿನ ಹತ್ತಿರ ಹೋದಷ್ಟು ಸ್ಟಾಫ್ ರೂಮಿನ ಹತ್ತಿರ ಹೋಗುವುದಿಲ್ಲ. ಒಪ್ಪದ ಶಿಕ್ಷಕರು ಹೇಗೆ ಒಪ್ಪಿದರು, ಒಪ್ಪದೇ ಉಳಿದವರು ಏನು ಮಾಡಿದರು ಎಂಬುದು ನಿಜಕ್ಕೂ ಕಲಿಯಬೇಕಾದ ಪಾಠ. ಅದು ಚಿತ್ರದಲ್ಲಿ ತೆಳುವಾಗಿದೆ.

ಇಷ್ಟು ಸಡಿಲ ಬಿಟ್ಟರೆ ಉಳಿದ ಮಕ್ಕಳ ಗತಿಯೇನು, ಬೈಸಿಕೊಂಡ ಶಿಕ್ಷಕಿಯ ಮರ್ಯಾದೆಯೇನು ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ಉತ್ತರ, ಲಿಂಕನ್‌ನಲ್ಲಿ ಶಿಕ್ಷೆ ರದ್ದಾಗಲಿಲ್ಲ, ಶಿಕ್ಷೆಯ ಜಾಗ ಬದಲಾಯಿತು ಎಂಬುದು. 30 ಮಂದಿ ಆಮೇಲೂ ಶಾಲೆಯಿಂದ ಹೊರಹೋದರು ಎಂಬುದನ್ನು ಮರೆಯುವಂತಿಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ಪುರಾವೆಯದು. ಆಘಾತವನ್ನು ಅರಿತು ನಡೆಯುವ ಶಾಲೆಗಳ ಬಗ್ಗೆ 2019ರಲ್ಲಿ ಕ್ಯಾಂಪ್‌ಬೆಲ್ ಸಂಸ್ಥೆಯ ಹೆಸರಿನಲ್ಲಿ ಒಂದು ಸಮಗ್ರ ಪರಿಶೀಲನೆ ನಡೆಯಿತು. ಸಾವಿರಾರು ಬರಹ ಜಾಲಾಡಿದ ಸಂಶೋಧಕರಿಗೆ ತಮ್ಮ ಮಾನದಂಡಕ್ಕೆ ಹೊಂದುವ ಒಂದೇ ಒಂದು ಅಧ್ಯಯನವೂ ಸಿಗಲಿಲ್ಲ. ಇಂಥ ಕ್ರಮದಿಂದ ಉಪಯೋಗವಿಲ್ಲ ಎಂದು ಇದರರ್ಥವಲ್ಲ. ಉಪಯೋಗವಿದೆ ಎಂದು ಸಾರುತ್ತಾ ತರಬೇತಿ ಮಾರುತ್ತಿದ್ದವರ ಹತ್ತಿರ ಆಗ ತೋರಿಸಲು ಅಂಥ ಪುರಾವೆ ಇರಲಿಲ್ಲ ಎಂದರ್ಥ. ಅಳೆಯುವುದು ಅಸಾಧ್ಯ ಎಂದು ಕೈಚೆಲ್ಲಬೇಕಿಲ್ಲ. ಮಗುವಿನೊಳಗೆ ಇಣುಕುವ ಬದಲು ಶಾಲೆಯೊಳಗೆ ಇಣುಕಿದರೆ ಅಳೆಯುವುದು ಸುಲಭ: ಸಿಡಿದೆದ್ದ ಮಗುವನ್ನು ಮೊದಲು ಯಾರು ಮಾತಾಡಿಸಿದರು, ಎಷ್ಟು ಹೊತ್ತಿನಲ್ಲಿ ತರಗತಿಗೆ ಮರಳಿತು, ವರ್ಷದ ಕೊನೆಗೂ ಅದೇ ಶಿಕ್ಷಕರು ಇದ್ದರೇ.

ಮಗುವಿನತ್ತಲೇ ನೋಡುವ ಚಾಳಿ ಶಾಲೆಯ ಹೊರಗೂ ಕಂಡಿತು. ವಾಲಾ ವಾಲಾದ ನಾಗರಿಕರು ಟೆರಿ ಬರಿಲಾ ಅವರ ಮುಂದಾಳತ್ವದಲ್ಲಿ ಕಟ್ಟಿಕೊಂಡ ಸಂಘಟನೆ ಇಸ್ಪೀಟಿನಂಥ ಒಂದು ಎಲೆಕಟ್ಟು ಹೊರತಂದಿತು. ಕಷ್ಟಗಳನ್ನು ಸೋಲಿಸುವ ಚೇತರಿಕೆಯ ಗುಣಗಳು ಅದರ ಎಲೆಗಳು. ಕಲ್ಪನೆ ಚುರುಕಾದದ್ದೇ. ಆದರೂ ಕಷ್ಟ ಗೆಲ್ಲುವ ಎಲೆ ಮಗುವಿನ ಕೈಯಲ್ಲೋ ಅದರ ಅಮ್ಮನ ಕೈಯಲ್ಲೋ ಇದೆ ಎಂದೊಡನೆ, ಸೋತರೆ ಆಡಿದವರದೇ ತಪ್ಪು ಎಂಬಂತಾಗುತ್ತದೆ. ಬಾಡಿಗೆ, ಕೂಲಿ, ಕುಡಿತದ ಅಂಗಡಿ, ಪೊಲೀಸ್ ಠಾಣೆ ಇವು ಯಾವುದೂ ಆ ಎಲೆಕಟ್ಟಿನ ಅಳವಿಗೆ ಬರುವಂಥವಲ್ಲ. ವಾಷಿಂಗ್ಟನ್ ರಾಜ್ಯ ಈ ವಿಷಯದಲ್ಲಿ ಒಮ್ಮೆ ಹೆಚ್ಚು ಜಾಣತನ ತೋರಿತ್ತು. 1990ರ ದಶಕದಿಂದ ಅದರ ಫ್ಯಾಮಿಲಿ ಪಾಲಿಸಿ ಕೌನ್ಸಿಲ್ ಊರೂರಿನ ಜನರಿಗೆ ಅಲ್ಪಸ್ವಲ್ಪ ಹಣ ಮತ್ತು ಅಂಕಿಅಂಶ ಕೊಟ್ಟು, ತಮ್ಮ ಊರಿನ ತೊಂದರೆ ತಾವೇ ಗುರುತಿಸಿಕೊಳ್ಳಲು ಬಿಟ್ಟಿತ್ತು. ಬಜೆಟ್ ಕಡಿತ ಬಂದಾಗ ಅದನ್ನು ಮುಚ್ಚಿದರು. ಸಾಕ್ಷ್ಯಚಿತ್ರ ಊರೂರು ಸುತ್ತುವ ಹೊತ್ತಿಗೆ, ಆ ಚಿತ್ರದ ಹಿಂದಿನ ವ್ಯವಸ್ಥೆಯೇ ಇರಲಿಲ್ಲ. ಸ್ಪೋರ್ಲೆಡರ್ 2014ರಲ್ಲೇ ನಿವೃತ್ತರಾಗಿದ್ದರು.

ಆಘಾತವನ್ನು ಅರಿತು ನಡೆಯಬೇಕೆನ್ನುವ ಈ ಚಳವಳಿಯ ಭಾಷೆ ಈಗ ನಮ್ಮಲ್ಲಿಗೂ ಬಂದಿದೆ. ನಿಮ್ಹಾನ್ಸ್ ತನ್ನ ‘ಸಂವಾದ್’ ಕಾರ್ಯಕ್ರಮದ ಮೂಲಕ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿದೆ. ಅದು ಬೇಕಾದ ಕೆಲಸ. ಆದರೆ ಆ ಹತ್ತು ಪ್ರಶ್ನೆಗಳನ್ನು ಯಾದಗಿರಿಯ ಒಂದು ಶಾಲೆಯಲ್ಲಿ ಹಾಗೆಯೇ ಕೇಳಿದರೆ ಗುಳೆ ಹೋಗುವ ಮನೆಯ ಮಗು, ಬಾಲ್ಯವಿವಾಹಕ್ಕೆ ಸಿಕ್ಕ ಹುಡುಗಿ, ಜಾತಿಯ ಕಾರಣಕ್ಕೆ ಬೇರೆ ಕೂತು ಉಂಡವನು, ಇವರೆಲ್ಲ ಸೊನ್ನೆ ಅಂಕ ಪಡೆದು ಸುಖಿಗಳಾಗಿಬಿಡಬಹುದು. ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಹಾಗಾಗಿ ನಮ್ಮ ಮಕ್ಕಳು ಸಸ್ಪೆಂಡ್ ಆಗುವುದು ಅಪರೂಪ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರುತ್ತದೆ, ಅವರು ಉಳಿದಿರುವುದಿಲ್ಲ. ಲಿಂಕನ್‌ನ 798ಕ್ಕೆ ಸಮನಾದ ನಮ್ಮ ಸಂಖ್ಯೆಯನ್ನು ಹುಡುಕಬೇಕಾದದ್ದು ಆ ಪುಸ್ತಕದ ಗೈರುಹಾಜರಿಯಲ್ಲಿ.

ಅಂಕವೇ ಇಲ್ಲದಿದ್ದರೆ ಯಾರು ಕಿವಿಗೊಡುತ್ತಿದ್ದರು, ಎಳವೆಯಲ್ಲೇ ಹಿಡಿಯದಿದ್ದರೆ ಕಾಲ ಮಿಂಚಿಹೋಗುತ್ತದಲ್ಲ ಎನ್ನುವವರಿಗೆ ಕವಾಯ್ ದ್ವೀಪದ ಕತೆ ಹೇಳಬೇಕು. ಹವಾಯಿಯ ಆ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ನಲವತ್ತು ವರ್ಷ ಹಿಂಬಾಲಿಸಿದರು. ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಜಗಳ, ಕುಡಿತ, ಮನೋರೋಗದ ನಡುವೆ ಬೆಳೆದವರು. ಅವರಲ್ಲೂ ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದರು. ಅವರ ಬದುಕಿನಲ್ಲಿ ಕಂಡದ್ದು ಕೈಬಿಡದ ಒಬ್ಬ ಹಿರಿಯ ಜೀವ, ಅಜ್ಜಿಯೋ ಅಕ್ಕನೋ ಟೀಚರೋ. ಇನ್ನುಳಿದವರಲ್ಲಿ, ಹದಿನೆಂಟಕ್ಕೆ ದಾರಿ ತಪ್ಪಿದವರೆಂದು ಬರೆಸಿಕೊಂಡ ಹಲವರು ಮೂವತ್ತು ನಲವತ್ತರ ಹೊತ್ತಿಗೆ ನೆಲೆ ಕಂಡುಕೊಂಡಿದ್ದರು. ಅವರಿಗೆ ಒದಗಿಬಂದದ್ದು ಸಮುದಾಯ ಕಾಲೇಜು, ಸೈನ್ಯದ ಕೆಲಸ, ಒಳ್ಳೆಯ ಸಂಗಾತಿ, ಚರ್ಚಿನ ನಂಟು. ಇವುಗಳಲ್ಲಿ ಒಂದನ್ನೂ ಯಾರೂ ಆಘಾತದ ಚಿಕಿತ್ಸೆ ಎಂದು ಕರೆದಿರಲಿಲ್ಲ, ಇವುಗಳ ಬಾಗಿಲಲ್ಲಿ ಯಾರೂ ಅಂಕವನ್ನೂ ಕೇಳಿರಲಿಲ್ಲ.