ಮೆಟ್ಟಿಲು ಹತ್ತಿದ ಕ್ಯಾಥರೀನ್

‘ದಿ ಏರೆಸ್’ ಚಿತ್ರದ ಆರಂಭದಲ್ಲಿ ಮಗಳೊಬ್ಬಳು ಮೀನು ಕೊಂಡು ಮನೆಗೆ ಬರುತ್ತಾಳೆ. ಅಪ್ಪನಿಗೆ ಇಷ್ಟವಾದೀತೆಂದು ತಾನೇ ನಿಂತು ಆರಿಸಿದ ಮೀನು. ಅಪ್ಪ ನೋಡಿ ಚೆನ್ನಾಗಿದೆ ಅನ್ನುತ್ತಾನೆ. ಇನ್ನೊಂದು ಸಲ ಒಳಗೆ ತರುವ ಕೆಲಸವನ್ನು ಮೀನಿನವನಿಗೇ ಬಿಡು ಎಂದು ಸೇರಿಸುತ್ತಾನೆ. ಬೈಯಲಿಲ್ಲ, ದನಿ ಏರಿಸಲಿಲ್ಲ. ಆದರೆ ಆ ದೊಡ್ಡ ಮನೆಯಲ್ಲಿ ಆ ಹುಡುಗಿ ಇಷ್ಟು ವರ್ಷ ಹೇಗೆ ಬೆಳೆದಳೆಂಬುದು ನಮಗೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ವಿಲಿಯಂ ವೈಲರ್ ನಿರ್ದೇಶಿಸಿದ, 1949ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ತೆರೆಗೆ ತಂದ ಈ ಕಪ್ಪುಬಿಳುಪು ಚಿತ್ರದ ಹೆಸರಿಗೆ ‘ಆಸ್ತಿಯ ವಾರಸುದಾರಳು’ ಎಂದು ಅರ್ಥ. ಮೂಲ ಹೆನ್ರಿ ಜೇಮ್ಸ್‌ನ ‘ವಾಷಿಂಗ್ಟನ್ ಸ್ಕ್ವೇರ್’ ಕಾದಂಬರಿ. ಅದನ್ನು ರೂತ್ ಮತ್ತು ಅಗಸ್ಟಸ್ ಗೆಟ್ಸ್ ದಂಪತಿ 1947ರಲ್ಲಿ ನಾಟಕವಾಗಿ ಬ್ರಾಡ್‌ವೇಗೆ ತಂದರು, ಚಿತ್ರಕಥೆಯೂ ಅವರದೇ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ. ಡಾಕ್ಟರ್ ಸ್ಲೋಪರ್ ಶ್ರೀಮಂತ, ಬುದ್ಧಿವಂತ, ವಿಧುರ. ಮಗಳು ಕ್ಯಾಥರೀನ್ ಅಂಥ ರೂಪವಂತೆಯಲ್ಲ, ನಾಲ್ಕು ಜನರ ನಡುವೆ ಮಾತು ಬಾರದು, ಕಸೂತಿಯೊಂದು ಕೈಗೆ ಹತ್ತಿದೆ. ಆದರೆ ತಾಯಿಯಿಂದ ಬಂದ ಹಣ ವರ್ಷಕ್ಕೆ 10,000 ಡಾಲರ್ ಇದೆ. ತಂದೆಯ ನಂತರ ಇನ್ನೂ 20,000 ಬರಲಿದೆ. ಕೆಲಸವಿಲ್ಲದ, ಚೆಂದದ ತರುಣ ಮಾರಿಸ್ ಟೌನ್‌ಸೆಂಡ್ ಅವಳನ್ನು ಮದುವೆಯಾಗುತ್ತೇನೆಂದು ಬಂದಾಗ ತಂದೆಗೆ ಕಾಣುವುದು ಆ ಲೆಕ್ಕ ಮಾತ್ರ. ನಿನ್ನಲ್ಲಿ ಹಣವಲ್ಲದೆ ಬೇರೇನಿದೆ ಎಂದು ಕೊನೆಗೆ ಮಗಳ ಮುಖಕ್ಕೇ ಹೇಳಿಬಿಡುತ್ತಾನೆ.

ಈ ಪಾತ್ರಕ್ಕಾಗಿ ಒಲಿವಿಯಾ ಡಿ ಹ್ಯಾವಿಲೆಂಡ್‌ ಅವರಿಗೆ ಆಸ್ಕರ್ ಬಂತು. ಚಿತ್ರದ ಬಗ್ಗೆ ಮಾತು ಬಂದರೆ ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ನನ್ನ ತಕರಾರಿರುವುದೇ ಅಲ್ಲಿ. ಅತ್ಯುತ್ತಮ ಚಿತ್ರವೆಂಬ ಬಹುಮಾನ ಇದಕ್ಕೆ ಸಿಗಲಿಲ್ಲ, ವೈಲರ್‌ಗೂ ಆ ವರ್ಷ ಬರಲಿಲ್ಲ. ಸಿಕ್ಕ ನಾಲ್ಕರಲ್ಲಿ ನಟಿಯದು ಒಂದು. ಉಳಿದ ಮೂರು ಉಡುಪಿಗೆ, ಮನೆಯ ವಿನ್ಯಾಸಕ್ಕೆ ಮತ್ತು ಸಂಗೀತಕ್ಕೆ. ಕ್ಯಾಥರೀನಳ ನೋವು ಮೂಡಿದ್ದು ಈ ನಾಲ್ಕೂ ಕಡೆಯಿಂದ.

ಉಡುಪಿನಿಂದಲೇ ಶುರುಮಾಡೋಣ, ಹೆಂಗಸರಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಎಡಿತ್ ಹೆಡ್ ಹೆಂಗಸರ ಉಡುಪುಗಳನ್ನೂ ಗೈಲ್ ಸ್ಟೀಲ್ ಗಂಡಸರದ್ದನ್ನೂ ವಿನ್ಯಾಸ ಮಾಡಿದರು. (ಸಿನಿಮಾಕ್ಕೆ ಬರುವ ಮುನ್ನ ಈ ಎಡಿತ್ ಹೆಡ್ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಮತ್ತು ಚಿತ್ರಕಲೆ ಕಲಿಸುವ ಟೀಚರಾಗಿದ್ದರು. ಓದಿದಾಗ ನನಗಾದ ಖುಷಿಯನ್ನು ಮುಚ್ಚಿಡಲಾರೆ.) ಅವರಿಗೆ ಸಿಕ್ಕ ಎಂಟು ಆಸ್ಕರ್‌ಗಳಲ್ಲಿ ಇದು ಮೊದಲನೆಯದು. ಚಿತ್ರದ ಮೊದಲರ್ಧದಲ್ಲಿ ಕ್ಯಾಥರೀನ್ ತೊಡುವುದೆಲ್ಲ ಬೆಲೆಬಾಳುವ ಬಟ್ಟೆಯೇ, ಆದರೆ ಯಾವುದೂ ಅವಳ ಮೈಗೆ ಸರಿಯಾಗಿ ಕೂರುವುದಿಲ್ಲ. ಮೊದಲ ಔತಣಕೂಟಕ್ಕೆಂದು ಅವಳು ಕೆಂಪು ಗೌನು ತೊಟ್ಟು, ತಾಯಿಗೆ ಪ್ರಿಯವಾದ ಬಣ್ಣವೆಂದು ಆಸೆಯಿಂದ ಅಪ್ಪನಿಗೆ ತೋರಿಸುತ್ತಾಳೆ. ನಿನ್ನಮ್ಮ ಬೆಳ್ಳಗಿದ್ದಳು, ಬಣ್ಣ ಅವಳ ಮಾತು ಕೇಳುತ್ತಿತ್ತು ಎಂಬರ್ಥದ ಉತ್ತರ ಬರುತ್ತದೆ. ಕಪ್ಪುಬಿಳುಪಿನಲ್ಲಿ ನಮಗೆ ಆ ಕೆಂಪು ಕಾಣುವುದೇ ಇಲ್ಲ. ಬಾಡಿದ ಮುಖವಷ್ಟೇ ಕಾಣುತ್ತದೆ. ಮಗಳ ಎದುರೇ ಅವಳ ಅಕ್ಕನನ್ನು ಹೊಗಳುತ್ತ ಪ್ರಗತಿಪತ್ರಕ್ಕೆ ಸಹಿ ಹಾಕುವ ತಂದೆಯರನ್ನು ಕಂಡವಳು ನಾನು. ಅವರಾರೂ ಕೆಟ್ಟವರಲ್ಲ, ಮಕ್ಕಳ ಶುಲ್ಕ ಹೊತ್ತಿಗೆ ಸರಿಯಾಗಿ ಕಟ್ಟುವವರೇ. ಸ್ಲೋಪರನೂ ಅಂಥವನೇ. ರಾಲ್ಫ್ ರಿಚರ್ಡ್‌ಸನ್ ಅವನನ್ನು ಖಳನಾಯಕನಂತೆ ಆಡಲಿಲ್ಲ. ಸಭ್ಯ, ಸ್ವಲ್ಪ ದಣಿದ, ತನ್ನ ದುಃಖವೇ ದೊಡ್ಡದೆಂದುಕೊಂಡ ಮನುಷ್ಯನಂತೆ ಆಡಿದರು. ಸಹಿಸಲು ಕಷ್ಟವಾಗುವುದು ಅದಕ್ಕೇ.

ಇನ್ನು ಮನೆ. ಹ್ಯಾರಿ ಹಾರ್ನರ್ ಆ ಮನೆಯ ನಡುವೆ ಎತ್ತರದ ಮೆಟ್ಟಿಲಸಾಲನ್ನು ನಿಲ್ಲಿಸಿದರು. ಕಥೆಯ ಮುಖ್ಯ ಗಳಿಗೆಗಳೆಲ್ಲ ಅದರ ಮೇಲೋ ಬುಡದಲ್ಲೋ ನಡೆಯುತ್ತವೆ. ತಂದೆಯ ಹಣದ ಆಸೆ ಬಿಟ್ಟು ಓಡಿಹೋಗಿ ಮದುವೆಯಾಗೋಣವೆಂದು ಮಾರಿಸ್‌ಗೆ ಹೇಳಿದ ಕ್ಯಾಥರೀನ್, ರಾತ್ರಿಯೆಲ್ಲ ಪೆಟ್ಟಿಗೆ ಹಿಡಿದು ಕಾಯುತ್ತಾಳೆ. ಅವನು ಬರುವುದಿಲ್ಲ. ಬೆಳಗಾದಾಗ ಅದೇ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಬೇಕು. ವೈಲರ್ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವುದಕ್ಕೆ ಹೆಸರಾದವರು. ಡಿ ಹ್ಯಾವಿಲೆಂಡ್ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕೊನೆಗೆ ಸಿಟ್ಟಿನಿಂದ ಪೆಟ್ಟಿಗೆಯನ್ನು ಎಸೆದೇಬಿಟ್ಟರಂತೆ. ಪೆಟ್ಟಿಗೆ ಖಾಲಿಯೆಂದು ವೈಲರ್‌ಗೆ ಹೊಳೆದದ್ದು ಆಗ. ಒಳಗೆ ಪುಸ್ತಕಗಳನ್ನು ತುಂಬಿಸಿ ಮತ್ತೆ ಹತ್ತಿಸಿದರು. ತೆರೆಯ ಮೇಲೆ ಅವಳ ಭುಜ ಜಗ್ಗಿದಂತೆ ಕಾಣುವುದರಲ್ಲಿ ನಟನೆಯೆಷ್ಟು, ಪುಸ್ತಕದ ಭಾರವೆಷ್ಟು ಎಂದು ಹೇಳಲಾಗದು. ದಣಿದ ನಟಿಯ ಮೇಲೆ ಇನ್ನಷ್ಟು ಭಾರ ಹೇರುವ ನಿರ್ದೇಶಕನ ಹಟವೂ ನನಗೆ ಅಷ್ಟೇನೂ ಹಿಡಿಸಿದ್ದಲ್ಲ.

ಅದೇ ರಾತ್ರಿಗೆ ಸಂಗೀತದ್ದೂ ಒಂದು ಕಥೆಯಿದೆ. ಬಿಡುಗಡೆಗೆ ಮುಂಚೆ ಪ್ರೇಕ್ಷಕರಿಗೆ ಚಿತ್ರ ತೋರಿಸಿದಾಗ, ಗಾಡಿಯ ಸದ್ದು ಕೇಳಿ ಕ್ಯಾಥರೀನ್ ಓಡಿಬಂದು, ಗಾಡಿ ನಿಲ್ಲದೆ ಹೋದೊಡನೆ ಜನ ನಕ್ಕರಂತೆ. ಕೈಬಿಟ್ಟುಹೋದ ಹೆಣ್ಣನ್ನು ಕಂಡು ನಗು! ಇಲ್ಲಿ ನಕ್ಕರೆ ಚಿತ್ರವೇ ಉಳಿಯದೆಂಬುದು ಎಲ್ಲರಿಗೂ ಗೊತ್ತಿತ್ತು. ಸಂಗೀತ ನಿರ್ದೇಶಕ ಆ್ಯರನ್ ಕೋಪ್ಲೆಂಡ್ ಅಲ್ಲಿದ್ದ ಸಂಗೀತವನ್ನು ತೆಗೆದು, ಕಿವಿಗೆ ಗಡುಸಾದ, ಅಪಸ್ವರದಂತೆ ಕೇಳುವ ಸಂಗೀತ ಬರೆದರು. ಮುಂದಿನ ಪ್ರದರ್ಶನದಲ್ಲಿ ಯಾರೂ ನಗಲಿಲ್ಲ. ಅಂಥವರ ಶೀರ್ಷಿಕೆ ಸಂಗೀತದೊಳಗೆ ಅವರನ್ನು ಕೇಳದೆ ಒಂದು ಹಳೆಯ ಫ್ರೆಂಚ್ ಪ್ರೇಮಗೀತೆಯ ಧಾಟಿ ಸೇರಿಸಿಬಿಟ್ಟರು. ಆ ಭಾಗ ತನ್ನದಲ್ಲವೆಂದು ಕೋಪ್ಲೆಂಡ್ ಪತ್ರಿಕೆಗಳ ಮೂಲಕ ಸಾರಿದರು. ಬಹುಮಾನ ಬಂದದ್ದು ಅದೇ ಸಂಗೀತಕ್ಕೆ ಎಂಬುದು ಬೇರೆ ಮಾತು.

ಮಾರಿಸ್ ಆಗಿ ಮಾಂಟ್ಗೊಮೆರಿ ಕ್ಲಿಫ್ಟ್ ಇದ್ದಾರೆ. ಮೃದು ಮಾತು, ನೇರ ನೋಟ. ಅವನು ಹಣಕ್ಕಾಗಿಯೇ ಬಂದನೋ, ಸ್ವಲ್ಪವಾದರೂ ಪ್ರೀತಿಯಿತ್ತೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಮೀಸೆ ತಿರುವುವ ಮೋಸಗಾರನನ್ನು ತಂದಿದ್ದರೆ ನಾವು ಕ್ಯಾಥರೀನಳನ್ನು ದಡ್ಡಿ ಎನ್ನುತ್ತಿದ್ದೆವು. ಈಗ ಅವಳೊಡನೆ ನಾವೂ ನಂಬುತ್ತೇವೆ. ಸೋದರತ್ತೆಯ ಪಾತ್ರದ ಮಿರಿಯಂ ಹಾಪ್ಕಿನ್ಸ್ ಒಂದು ಕಾಲದ ನಾಯಕಿ. ಇಲ್ಲಿ ಇನ್ನೊಬ್ಬರ ಪ್ರೇಮಪ್ರಕರಣದಲ್ಲಿ ಸಂಭ್ರಮಪಡುವ ವಿಧವೆಯಾಗಿ ಕಚಗುಳಿಯಿಡುತ್ತಾರೆ.

ಡಿ ಹ್ಯಾವಿಲೆಂಡ್‌ ಅವರ ಬಗ್ಗೆ ಒಂದು ಆಕ್ಷೇಪಣೆ ಹೇಳಲೇಬೇಕು. ಕೂದಲನ್ನು ಎಷ್ಟೇ ಎಳೆದು ಕಟ್ಟಿದರೂ ಆ ಮುಖ ಚೆಲುವಿಲ್ಲದ್ದಾಗಿ ಕಾಣುವುದಿಲ್ಲ. ಅವರು ಆ ಕೊರತೆಯನ್ನು ದನಿಯಲ್ಲಿ ತುಂಬಿಕೊಂಡರು. ಮೊದಲು ತಡವರಿಸುವ ತೆಳು ದನಿ. ಕೈಬಿಟ್ಟ ರಾತ್ರಿಯ ನಂತರ ತಗ್ಗಿದ, ಅವಸರವಿಲ್ಲದ ದನಿ. ಕಾಯಿಲೆ ಬಿದ್ದ ತಂದೆಯ ಮುಂದೆ ಕಾಗದ ಲೇಖನಿ ಇಟ್ಟು, ಆಸ್ತಿ ತಪ್ಪಿಸಬೇಕೆಂದಿದ್ದರೆ ಈಗಲೇ ಹೇಳಿ, ಬರೆದುಕೊಳ್ಳುತ್ತೇನೆ ಎನ್ನುವಾಗ ಕೇಳಬೇಕು ಅದನ್ನು. ಬ್ರಾಡ್‌ವೇ ನಾಟಕ ನೋಡಿ ಇದನ್ನು ಚಿತ್ರ ಮಾಡೋಣವೆಂದು ವೈಲರ್‌ ಬಳಿ ಹೋದದ್ದೂ ಈಕೆಯೇ. ಏಳು ವರ್ಷದ ಕರಾರಿಗೆ ಅಮಾನತಿನ ದಿನಗಳನ್ನೂ ಸೇರಿಸಿ ಎಳೆಯುತ್ತಿದ್ದ ವಾರ್ನರ್ ಸಂಸ್ಥೆಯ ಮೇಲೆ ಇವರು ದಾವೆ ಹೂಡಿ, 1944ರಲ್ಲಿ ಗೆದ್ದಿದ್ದರು. 2020ರಲ್ಲಿ ಪ್ಯಾರಿಸ್‌ನಲ್ಲಿ 104ನೆಯ ವಯಸ್ಸಿಗೆ ತೀರಿಕೊಂಡರು. ಆ ತೀರ್ಪು ಈಗಲೂ ಅವರ ಹೆಸರಿನಲ್ಲೇ ಇದೆ.

ವರ್ಷಗಳ ನಂತರ ಮಾರಿಸ್ ಮರಳಿ ಬರುತ್ತಾನೆ. ಕಾದಂಬರಿಯಲ್ಲಿ ಕ್ಯಾಥರೀನ್ ಅವನನ್ನು ಸದ್ದಿಲ್ಲದೆ ಕಳಿಸಿ ಕಸೂತಿಗೆ ಕೂರುತ್ತಾಳೆ, ಬದುಕಿಡೀ ಕೂರುವವಳಂತೆ. ಗೆಟ್ಸ್ ದಂಪತಿ ಇದನ್ನು ತಿರುಗಿಸಿದರು. ಚಿತ್ರದ ಕ್ಯಾಥರೀನ್ ಮದುವೆಗೆ ಒಪ್ಪಿದಂತೆ ಮಾಡಿ, ಸಾಮಾನು ತರಲು ಅವನನ್ನು ಕಳಿಸಿ, ಕೈಯಲ್ಲಿದ್ದ ಕಸೂತಿ ಮುಗಿಸಲು ಕೂರುತ್ತಾಳೆ. ಇನ್ನು ಮುಂದೆ ಕಸೂತಿ ಹಾಕುವುದಿಲ್ಲ ಎನ್ನುತ್ತಾಳೆ. ಅವನು ಬಾಗಿಲು ತಟ್ಟಿದಾಗ ಚಿಲಕ ಹಾಕಲು ಕೆಲಸದವಳಿಗೆ ಹೇಳುತ್ತಾಳೆ. ಸೇಡು ತೀರಿತೆಂದು ಚಪ್ಪಾಳೆ ತಟ್ಟುವವರಿದ್ದಾರೆ. ಕಲ್ಲಾಗಿಬಿಟ್ಟಳಲ್ಲ ಎಂದು ಮರುಗುವವರೂ ಇದ್ದಾರೆ. ನನಗೆ ಕಾಣುವುದು ಅವಳ ನಡೆ. ದಾರ ಕತ್ತರಿಸಿ, ದೀಪ ಹಿಡಿದು, ಅಂದು ಪೆಟ್ಟಿಗೆ ಹೊತ್ತ ಮೆಟ್ಟಿಲುಗಳನ್ನೇ ಅವಳು ಈ ಸಲ ಬೆನ್ನು ನೆಟ್ಟಗಿಟ್ಟು ಹತ್ತುತ್ತಾಳೆ. ಕೆಳಗೆ ಅವನು ಹೆಸರು ಕೂಗುತ್ತ ಬಾಗಿಲು ಬಡಿಯುತ್ತಲೇ ಇರುತ್ತಾನೆ.